ಮಾವನವರ ಕಿವಿಯೊಳಗಿನ ಜೀರುಂಡೆ

ಎರಡನೇ ಸಲ ಕ್ಯಾನ್ಸರಿನ ಔಷಧಿ ಸಿಸ್‌ಪ್ಲಾಟಿನ್ ಡ್ರಿಪ್ ಹಾಕಿಸಿಕೊಂಡು ಬಂದ ವಾರ ಮಾವ ಹೇಳಿದರು, "ಕಿವಿಯೊಳಗೆ ಜೀರುಂಡೆ ಕೂತಿದೆ ಕಣಮ್ಮ, ರಾತ್ರಿಯೆಲ್ಲ ಜುಂಯ್ ಅಂತಿರುತ್ತೆ." ಅತ್ತೆ ನಿಶ್ಶಕ್ತಿ ಅಂದರು. ಅತ್ತೆಗೆ ಎಲ್ಲವೂ ನಿಶ್ಶಕ್ತಿಯೇ.

ಪುಣ್ಯಕ್ಕೆ, ಚಿಕಿತ್ಸೆ ಶುರುವಾಗುವ ಮೊದಲೇ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ ಪರೀಕ್ಷೆ ಮಾಡಿಸಿದ್ದೆವು. ಈಗ ಮಾಡಿಸಿದ ಪರೀಕ್ಷೆಯ ಆಡಿಯೋಗ್ರಾಮನ್ನು, ಅಂದರೆ ಎಷ್ಟು ಕೇಳುತ್ತದೆ ಅಂತ ತೋರಿಸುವ ಗ್ರಾಫನ್ನು, ಹಳೆಯದರ ಪಕ್ಕ ಇಟ್ಟರೆ 8000 ಹರ್ಟ್ಸ್‌ನ ಕೀರಲು ಸದ್ದಿನ ಕಡೆ ಗೆರೆ ಇಳಿದಿತ್ತು. ಮಾತೆಲ್ಲ ಸರಿಯಾಗಿಯೇ ಕೇಳುತ್ತಿತ್ತು! ಈ ಔಷಧಿ ಮೊದಲು ಕೆಡಿಸುವುದು ತೀರಾ ಕೀರಲು ಸದ್ದು ಹಿಡಿಯುವ ಒಳಕಿವಿಯ ರೋಮಕೋಶಗಳನ್ನು. ಸತ್ತವು ಮತ್ತೆ ಹುಟ್ಟುವುದಿಲ್ಲ. ಮಾತು ಮಂದವಾಗಲಿ ಆಮೇಲೆ ನೋಡೋಣ ಅಂತ ಕಾದರೆ ತಡವಾಗಿರುತ್ತದೆ.

ಡಾಕ್ಟರು ಎರಡೂ ಕಾಗದ ನೋಡಿ ಮುಂದಿನ ಡೋಸ್ ಬದಲಾಯಿಸಿದರು. ನಾವಾಗಿಯೇ ನಿಲ್ಲಿಸಿದ್ದರೆ ಕ್ಯಾನ್ಸರ್ ಸುಮ್ಮನಿರುತ್ತಿತ್ತೆ? ಸಿಸ್‌ಪ್ಲಾಟಿನ್‌ನಿಂದ ಕಿವಿ ಕೆಡುವುದನ್ನು ತಗ್ಗಿಸಲು ಕೊಡುವ ಸೋಡಿಯಂ ಥಯೋಸಲ್ಫೇಟ್ ಬಗ್ಗೆಯೂ ಕೇಳಿದೆ. ಅಮೆರಿಕದಲ್ಲಿ 2022ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು ಮಕ್ಕಳಿಗೆ, ಅದೂ ಗಡ್ಡೆ ಹರಡದಿದ್ದಾಗ. ಮಾವನವರಿಗೆ 71.

ಇನ್ನೊಂದು ವಿಷಯ. ಸೋಂಕಿಗೆಂದು ಯಾರಾದರೂ ಜೆಂಟಾಮೈಸಿನ್ ಅಥವಾ ಅಮಿಕಾಸಿನ್ ಇಂಜೆಕ್ಷನ್ ಬರೆದರೆ, ಸಿಸ್‌ಪ್ಲಾಟಿನ್ ನಡೆಯುತ್ತಿದೆ ಅಂತ ಮೊದಲು ಹೇಳಿ. ಅವೂ ಅದೇ ಕೋಶಗಳಿಗೆ ಹೊಡೆತ ಕೊಡುತ್ತವೆ. ನಮ್ಮ ಫೈಲಿನ ಮೇಲಂತೂ ಕೆಂಪು ಪೆನ್ನಲ್ಲಿ ಬರೆದಿಟ್ಟಿದ್ದೇನೆ.