ಸ್ಕೋರ್ ಎಷ್ಟಾತ್ರಿ?

ಮೈದಾನಕ್ಕೆ ತಡವಾಗಿ ಬಂದವರು ಗಾಡಿ ಸ್ಟ್ಯಾಂಡ್ ಹಾಕುವ ಮೊದಲೇ ಕೇಳುವ ಪ್ರಶ್ನೆ ಒಂದೇ: ‘ಸ್ಕೋರ್ ಎಷ್ಟಾತ್ರಿ?’ ಹುಬ್ಬಳ್ಳಿಯ ನೆಹರೂ ಮೈದಾನ ಇರಲಿ, ಗದಗ-ಬೆಟಗೇರಿಯ ಟೆನಿಸ್ ಬಾಲ್ ಟೂರ್ನಿ ಇರಲಿ, ಮೈಕ್ ಹಿಡಿದವರು ಇದಕ್ಕೆ ಉತ್ತರ ಕೊಡದೆ ಹತ್ತು ನಿಮಿಷ ಮಾತಾಡಿದರೆ ಆ ಮಾತೆಲ್ಲ ದಂಡ. ಅಮೆರಿಕದ ಬೇಸ್‌ಬಾಲ್ ಕಾಮೆಂಟೇಟರ್ ರೆಡ್ ಬಾರ್ಬರ್ ಇದಕ್ಕೊಂದು ಸರಳ ಉಪಾಯ ಮಾಡಿಕೊಂಡಿದ್ದರು. ಮೊಟ್ಟೆ ಬೇಯಿಸುವಾಗ ಹೊತ್ತು ನೋಡಲು ಬಳಸುವ ಮೂರು ನಿಮಿಷದ ಮರಳು ಗಡಿಯಾರವನ್ನು ಮೈಕಿನ ಪಕ್ಕ ಇಟ್ಟುಕೊಳ್ಳುತ್ತಿದ್ದರು. ಮರಳು ಪೂರ್ತಿ ಇಳಿಯಿತೋ, ಸ್ಕೋರ್ ಹೇಳಿ ಗಡಿಯಾರ ತಿರುಗಿಸುವುದು.

ನಮ್ಮ ಕಡೆ ಮೈಕ್ ಹಿಡಿಯುವ ಹುಡುಗರಿಗೆ ವರ್ಲ್ಡ್ ಸೀರೀಸ್, ಅಂದರೆ ಅಮೆರಿಕದ ಬೇಸ್‌ಬಾಲ್‌ನ ವರ್ಷದ ಫೈನಲ್ ಸರಣಿಯ ಕಾಮೆಂಟರಿ ಇತಿಹಾಸ ಗೊತ್ತಿರಬೇಕು. ನಾವು ಇವತ್ತಿಗೂ ಮಾಡುವ ಒಂದೊಂದು ತಪ್ಪನ್ನೂ ಅವರು ಮೊದಲೇ ಮಾಡಿ, ತಿದ್ದಿಕೊಂಡಿದ್ದಾರೆ.

1921ರ ಆಗಸ್ಟ್ 5ರಂದು ಪಿಟ್ಸ್‌ಬರ್ಗ್‌ನ ಕೆಡಿಕೆಎ ನಿಲ್ದಾಣದಿಂದ ಹೆರಾಲ್ಡ್ ಆರ್ಲಿನ್ ಮೊದಲ ಬಾರಿಗೆ ಮೇಜರ್ ಲೀಗ್ (ಅಲ್ಲಿನ ಅತಿ ದೊಡ್ಡ ಬೇಸ್‌ಬಾಲ್ ಲೀಗ್) ಪಂದ್ಯವೊಂದನ್ನು ರೇಡಿಯೋದಲ್ಲಿ ಹೇಳಿದರು. ಅದೇ ವರ್ಷ ವರ್ಲ್ಡ್ ಸೀರೀಸ್ ಕೂಡ ರೇಡಿಯೋಕ್ಕೆ ಬಂತು. ನ್ಯೂವಾರ್ಕ್‌ನ ಡಬ್ಲ್ಯುಜೆಝಡ್‌ನಲ್ಲಿ ಟಾಮಿ ಕೋವನ್ ಮೈದಾನ ನೋಡಲೇ ಇಲ್ಲ. ಅಲ್ಲಿಂದ ಒಬ್ಬರು ಫೋನಿನಲ್ಲಿ ಹೇಳಿದ್ದನ್ನು ಕೇಳಿ ಮೈಕಿಗೆ ಒಪ್ಪಿಸುತ್ತಿದ್ದರು. 1923ರಲ್ಲಿ ಕಾಮೆಂಟರಿ ಹೇಳುತ್ತಿದ್ದ ಪತ್ರಕರ್ತರೊಬ್ಬರು ಸರಣಿಯ ನಡುವೆಯೇ ಕೈಬಿಟ್ಟಾಗ ಗ್ರಹಾಂ ಮೆಕ್‌ನಮೀ ಮೈಕ್ ತಗೊಂಡರು. ಮೆಕ್‌ನಮೀ ಕಲಿತದ್ದು ಹಾಡುಗಾರಿಕೆ. ಆಟದ ಸೂಕ್ಷ್ಮ ಅಷ್ಟು ತಿಳಿಯದಿದ್ದರೂ ಆಕಾಶ, ಜನ, ಗದ್ದಲ ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದರು. ತಾನು ನೋಡಿದ ಆಟವೇ ಬೇರೆ, ಮೆಕ್‌ನಮೀ ಹೇಳಿದ ಆಟವೇ ಬೇರೆ ಅಂತ ಲೇಖಕ ರಿಂಗ್ ಲಾರ್ಡ್ನರ್ ಕುಟುಕಿದ್ದುಂಟು. ನನಗೆ ಆ ಟೀಕೆಯೂ ಸರಿ, ಮೆಕ್‌ನಮೀ ದೊಡ್ಡವರು ಎಂಬುದೂ ಸರಿ ಅನಿಸುತ್ತದೆ. ಕೇಳುಗರನ್ನು ರೇಡಿಯೋ ಮುಂದೆ ಕೂಡಿಸಿದ್ದೇ ಅವರು. ಕೂತವರಿಗೆ ನಿಖರ ಸುದ್ದಿ ಕೊಟ್ಟದ್ದು ಬಾರ್ಬರ್.

ಬಾರ್ಬರ್ ಮೊದಲ ಸಲ ವರ್ಲ್ಡ್ ಸೀರೀಸ್ ಹೇಳಿದ್ದು 1935ರಲ್ಲಿ. ಅದರ ಹಿಂದಿನ ವರ್ಷ ಟೆಡ್ ಹ್ಯೂಸಿಂಗ್ ಮೈಕಿನಲ್ಲಿ ಅಂಪೈರುಗಳನ್ನು ಟೀಕಿಸಿದ್ದಕ್ಕೆ ಬೇಸ್‌ಬಾಲ್ ಕಮಿಷನರ್ ಲ್ಯಾಂಡಿಸ್ ಅವರನ್ನು ವರ್ಲ್ಡ್ ಸೀರೀಸ್‌ನಿಂದ ಹೊರಗಿಟ್ಟಿದ್ದರು. ಕಂಡದ್ದನ್ನು ಹೇಳಿ, ತೀರ್ಪು ಕೊಡಬೇಡಿ ಎಂಬುದು ಲ್ಯಾಂಡಿಸ್ ಕಟ್ಟಪ್ಪಣೆ. ಅದು ಅತಿಯಾಯಿತು ಅನ್ನಬಹುದು. ಆದರೆ ನಮ್ಮ ಟೂರ್ನಿಗಳಲ್ಲಿ ಹಾರ್ನ್ ಸ್ಪೀಕರ್‌ನಿಂದ ‘ಅದು ಔಟ್ ಇರಲೇ ಇಲ್ಲ’ ಅಂತ ಒಂದು ಮಾತು ಹೊರಬಿದ್ದರೆ ಸಾಕು, ಎರಡು ಓಣಿಯ ಹುಡುಗರು ಪಿಚ್ ಮೇಲೆ ಬಂದು ನಿಲ್ಲುತ್ತಾರೆ. ಅಂಪೈರ್ ಬೆರಳು ಎತ್ತಿದರು ಅಂತ ಹೇಳಿ, ಸುಮ್ಮನಾಗಿ.

ಬಾರ್ಬರ್ ಹುಟ್ಟಿದ್ದು ಮಿಸಿಸಿಪ್ಪಿಯಲ್ಲಿ, ಬೆಳೆದದ್ದು ಫ್ಲಾರಿಡಾದಲ್ಲಿ. ನ್ಯೂಯಾರ್ಕ್ ಯಾಂಕೀಸ್ ತಂಡದ ದನಿಯಾಗಿದ್ದ ಮೆಲ್ ಆಲನ್ ಅಲಬಾಮಾದವರು. ಅಂದರೆ ನ್ಯೂಯಾರ್ಕಿನ ಕಿವಿಗೆ ಆಟ ತಲುಪಿಸಿದ ಎರಡು ದೊಡ್ಡ ದನಿಗಳೂ ದಕ್ಷಿಣದ ರಾಗ ಎಳೆಯುವ ದನಿಗಳು. ಬಾರ್ಬರ್ ತಮ್ಮ ಕಡೆಯ ಹಳ್ಳಿ ಮಾತನ್ನು ಬಿಡಲಿಲ್ಲ, ಅವರು ದನಿಯಾಗಿದ್ದ ತಂಡದ ಊರು, ನ್ಯೂಯಾರ್ಕಿನ ಬ್ರೂಕ್ಲಿನ್, ಅದನ್ನು ತಲೆ ಮೇಲೆ ಹೊತ್ತುಕೊಂಡಿತು. ಹಾವೇರಿ, ಗದಗ, ಧಾರವಾಡದ ಹುಡುಗರು ಮೈಕ್ ಸಿಕ್ಕ ತಕ್ಷಣ ವಾರ್ತೆ ಓದುವ ಕನ್ನಡಕ್ಕೆ ಜಿಗಿಯುವುದನ್ನು ಕೇಳಿದಾಗೆಲ್ಲ ಇದು ನೆನಪಾಗುತ್ತದೆ.

ಇದು ಬರೀ ಅಭಿಮಾನದ ಮಾತಲ್ಲ, ವೇಗದ ಲೆಕ್ಕ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ‘ಬೌಲರ್ ಎಸೆದ ಚೆಂಡನ್ನು ಬ್ಯಾಟ್ಸ್‌ಮನ್ ಲಾಂಗ್ ಆನ್ ಕಡೆಗೆ ಎತ್ತಿ ಬಾರಿಸಿದ್ದು, ಫೀಲ್ಡರ್ ಅದನ್ನು ಹಿಡಿಯುವಲ್ಲಿ ವಿಫಲರಾಗಿದ್ದಾರೆ’ ಅನ್ನುವಷ್ಟರಲ್ಲಿ ಮುಂದಿನ ಬಾಲ್‌ಗೆ ರನ್‌ಅಪ್ ಶುರುವಾಗಿರುತ್ತದೆ. ಜನ ಕೂಗಿದ ಮೇಲೆ ‘ವಿಫಲ’ ಎಂಬ ಪದ ಬಂದು ಏನು ಪ್ರಯೋಜನ? ಅದನ್ನೇ ತುಂಡು ಮಾಡಿ: ‘ಹೊಡದ. ಎತ್ರ ಹೋತು. ಲಾಂಗ್ ಆನ್. ಕೆಳಗ ಒಬ್ಬ ಬಂದ. ಹಿಡದ... ಬಿಟ್ಟ!’ ಒಂದೊಂದು ತುಂಡಿಗೂ ಅದರದೇ ಕ್ರಿಯೆ ಇದೆ, ಚೆಂಡಿನ ಜೊತೆಗೇ ಮಾತು ಓಡುತ್ತದೆ. ನಮ್ಮ ಧಾರವಾಡ ಮಾತು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಅಭ್ಯಾಸಕ್ಕೆ ಟಿವಿ ದನಿ ಬಂದ್ ಮಾಡಿ, ಆರು ಬಾಲ್ ಹೀಗೆ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ಕಣ್ಣು ಮುಚ್ಚಿ ಕೇಳಿ. ಚೆಂಡು ಎಲ್ಲಿ ಹೋಯಿತು ಅಂತ ನಿಮಗೇ ತಿಳಿಯದಿದ್ದರೆ ಕೇಳುಗರಿಗೂ ತಿಳಿಯುವುದಿಲ್ಲ.

ದಿಕ್ಕಿನ ವಿಷಯದಲ್ಲಿ ಬೇಸ್‌ಬಾಲ್‌ನವರಿಗೆ ಒಂದು ಅನುಕೂಲ ಇದೆ. ಬ್ಯಾಟ್ ಮಾಡುವ ಜಾಗ, ಅಂದರೆ ಹೋಮ್ ಪ್ಲೇಟ್, ಒಂದೇ ಕಡೆ ಇರುತ್ತದೆ, ಹೇಳುವವರು ಅದರ ಹಿಂದೆ ಕೂರುತ್ತಾರೆ. ಬ್ಯಾಟ್ಸ್‌ಮನ್ ಎಡಗೈಯವನಾದರೂ ಲೆಫ್ಟ್ ಫೀಲ್ಡ್ ಲೆಫ್ಟ್ ಫೀಲ್ಡೇ. ಫೀಲ್ಡರುಗಳಿಗೆ ಸ್ಕೋರ್ ಪುಸ್ತಕದಲ್ಲಿ ಕಾಯಂ ಅಂಕಿಗಳೂ ಇವೆ: ಪಿಚ್ಚರ್ (ಚೆಂಡು ಎಸೆಯುವವ) 1, ಕ್ಯಾಚರ್ (ಕೀಪರ್ ಇದ್ದ ಹಾಗೆ) 2, ಫಸ್ಟ್ ಬೇಸ್ 3, ಸೆಕೆಂಡ್ ಬೇಸ್ 4, ಥರ್ಡ್ ಬೇಸ್ 5, ಶಾರ್ಟ್‌ಸ್ಟಾಪ್ (ಸೆಕೆಂಡ್-ಥರ್ಡ್ ಬೇಸ್ ನಡುವೆ ನಿಲ್ಲುವವ) 6, ಆಮೇಲೆ ಹೊರಗಿನ ಮೂವರು 7, 8, 9. ಪುಸ್ತಕದಲ್ಲಿ 6-4-3 ಅಂತಿದ್ದರೆ ಶಾರ್ಟ್‌ಸ್ಟಾಪ್ ಹಿಡಿದು ಸೆಕೆಂಡ್ ಬೇಸಿಗೆ ಎಸೆದ, ಅಲ್ಲಿಂದ ಫಸ್ಟ್ ಬೇಸಿಗೆ ಹೋಯಿತು, ಇಬ್ಬರು ಔಟ್. ಮೂರು ಅಂಕಿಯಲ್ಲಿ ಇಡೀ ಘಟನೆ. ಕ್ರಿಕೆಟ್‌ನಲ್ಲಿ ಓವರ್‌ಗೊಮ್ಮೆ ತುದಿ ಬದಲಾಗುತ್ತದೆ, ಎಡಗೈ ಬ್ಯಾಟ್ಸ್‌ಮನ್ ಬಂದರೆ ಆಫ್-ಲೆಗ್ ತಿರುವುಮುರುವು. ಅದಕ್ಕೇ ಪಂದ್ಯ ಶುರುವಾಗುವ ಮೊದಲೇ ಎರಡು ತುದಿಗೆ ಹೆಸರಿಡಿ: ಗುಡಿ ಎಂಡ್, ಟ್ಯಾಂಕ್ ಎಂಡ್. ಪ್ರತಿ ಓವರಿನ ಮೊದಲ ಬಾಲ್‌ಗೆ ಒಮ್ಮೆ ಹೇಳಿ. ಬರೀ ‘ಎಡಕ್ಕೆ ಹೋಯಿತು’ ಅಂದರೆ ಯಾರ ಎಡ?

ಅಂಕಿಗಳನ್ನೂ ಬಿಡಿಸಿ ಹೇಳಬೇಕು. ನಮ್ಮ ಗದಗದ ಸುನಿಲ್ ಜೋಶಿ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಮಾಡಿದ ಬೌಲಿಂಗ್ 10-6-6-5. ಕಾಗದದ ಮೇಲೆ ಚೆಂದ, ಕಿವಿಗೆ ಗೊಂದಲ. ‘ಹತ್ತು ಓವರ್, ಅದರಾಗ ಆರು ಮೇಡನ್, ಕೊಟ್ಟದ್ದು ಆರೇ ರನ್, ತಗೊಂಡದ್ದು ಐದು ವಿಕೆಟ್’ ಅಂದರೆ ಕೇಳಿದವರು ಹುಬ್ಬೇರಿಸುತ್ತಾರೆ.

1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾಗುವ ಹೊತ್ತಿಗೆ ಅಮೆರಿಕದಲ್ಲಿ ವರ್ಲ್ಡ್ ಸೀರೀಸ್ ಟಿವಿಗೆ ಬಂದು ಎರಡು ವರ್ಷ ದಾಟಿತ್ತು. ಆ 1947ರ ಸರಣಿಯ ನಾಲ್ಕನೇ ಪಂದ್ಯದಲ್ಲಿ ಯಾಂಕೀಸ್‌ನ ಪಿಚ್ಚರ್ ಬಿಲ್ ಬೆವೆನ್ಸ್ ಕೊನೆಯ ಇನ್ನಿಂಗ್ಸ್‌ನಲ್ಲಿ ಇಬ್ಬರು ಔಟಾಗುವವರೆಗೂ ಒಂದೂ ಹಿಟ್ (ಚೆಂಡು ಹೊಡೆದು ಬೇಸ್ ಮುಟ್ಟುವುದು) ಕೊಟ್ಟಿರಲಿಲ್ಲ. ಇಂಥ ಹೊತ್ತಲ್ಲಿ ‘ನೋ-ಹಿಟರ್’ ಅಂದರೆ ದೃಷ್ಟಿಯಾಗುತ್ತದೆ ಎಂದು ಬೇಸ್‌ಬಾಲ್‌ನವರ ನಂಬಿಕೆ. ಮೊದಲರ್ಧ ಹೇಳಿದ ಆಲನ್ ಅದನ್ನು ಬಾಯಿಬಿಡಲಿಲ್ಲ. ಬಾರ್ಬರ್ ಮೈಕಿಗೆ ಬಂದವರೇ ಹಿಟ್ ಸೊನ್ನೆ ಎಂದು ಹೇಳಿಬಿಟ್ಟರು. ಕೊನೆಗೆ ಕುಕೀ ಲಾವಜೆಟ್ಟೊ ಹೊಡೆದ ಒಂದೇ ಹಿಟ್‌ಗೆ ಇಬ್ಬರು ಓಡಿ ಬಂದು ಬ್ರೂಕ್ಲಿನ್ 3-2ರಿಂದ ಗೆದ್ದಿತು. ಬಾರ್ಬರ್ ಮಾಡಿದ್ದೇ ಸರಿ. ಆಗಷ್ಟೇ ರೇಡಿಯೋ ಹಚ್ಚಿದವರಿಂದ ಅದನ್ನು ಮುಚ್ಚಿಡುವ ಹಕ್ಕು ಯಾರಿಗೂ ಇಲ್ಲ.

ಟಿವಿಯ ಧರ್ಮ ಬೇರೆ. 1953ರಲ್ಲಿ 25ರ ವಯಸ್ಸಿಗೇ ವರ್ಲ್ಡ್ ಸೀರೀಸ್ ಹೇಳಿದ ವಿನ್ ಸ್ಕಲ್ಲಿ, 1988ರ ಮೊದಲ ಪಂದ್ಯದಲ್ಲಿ ಕಾಲುನೋವಿನ ಕರ್ಕ್ ಗಿಬ್ಸನ್ ಗೆಲುವಿನ ಹೋಮ್‌ರನ್ (ನಮ್ಮ ಸಿಕ್ಸ್ ಇದ್ದ ಹಾಗೆ) ಹೊಡೆದಾಗ ಚೆಂಡು ಹೋಯಿತು ಅಂದು, ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಬಾಯಿ ತೆರೆಯಲಿಲ್ಲ. ಕುಂಟುತ್ತ ಬೇಸ್ ಸುತ್ತುವ ಗಿಬ್ಸನ್ ಪರದೆ ಮೇಲೇ ಇದ್ದರು, ಜನರ ಕೂಗು ಇತ್ತು. ಅದೇ ಹೊತ್ತಿಗೆ ರೇಡಿಯೋದಲ್ಲಿದ್ದ ಜ್ಯಾಕ್ ಬಕ್ ಹಾಗೆ ಸುಮ್ಮನಿರುವಂತಿರಲಿಲ್ಲ, ಅವರು ಬಿಟ್ಟರೆ ಕೇಳುಗರಿಗೆ ಕಣ್ಣಿಲ್ಲ. ಈಗ ನಮ್ಮಲ್ಲಿ ಒಂದೇ ಮೈಕಿನ ದನಿ ಹಾರ್ನ್‌ಗೂ ಯೂಟ್ಯೂಬ್ ಲೈವ್‌ಗೂ ಹೋಗುತ್ತದೆ. ಸಿಕ್ಸ್ ಬಿದ್ದಾಗ ಐದು ಸೆಕೆಂಡ್ ಬಾಯಿ ಮುಚ್ಚಿದರೆ ಇಬ್ಬರಿಗೂ ಒಳ್ಳೆಯದು. ಮೈಕ್ ಬಾಯಿಂದ ಎರಡು-ಮೂರು ಬೆರಳು ದೂರ, ತುಸು ಓರೆ ಇರಲಿ, ಇಲ್ಲದಿದ್ದರೆ ‘ಪ’, ‘ಬ’ ಬಂದಾಗ ಉಸಿರು ಬಡಿಯುತ್ತದೆ. ಹಾರ್ನ್ ಯಾವತ್ತೂ ಮೈಕಿನ ಮುಂದಿರಬೇಕು, ಬೆನ್ನು ನಿಮ್ಮ ಕಡೆ. ತಿರುಗಿಸಿಟ್ಟರೆ ಸಿಳ್ಳೆ ಶುರು. 70 ಮೀಟರ್ ದೂರದ ಹಾರ್ನ್‌ನಿಂದ ನಿಮ್ಮ ದನಿ ನಿಮಗೇ ಐದನೇ ಒಂದು ಸೆಕೆಂಡ್ ತಡವಾಗಿ ವಾಪಸ್ ಬರುತ್ತದೆ, ಅದನ್ನು ಕೇಳುತ್ತ ಮಾತಾಡಿದರೆ ನಾಲಿಗೆ ತೊಡರುತ್ತದೆ. ಒಂದು ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳಿ.

ಕೊನೆ ಓವರಿನ ಮಾತು. 1960ರ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯ, ಬಿಲ್ ಮೆಜರಾಸ್ಕಿ ಹೋಮ್‌ರನ್ ಹೊಡೆದು ಪಿಟ್ಸ್‌ಬರ್ಗ್ 10-9ರಿಂದ ಗೆದ್ದಿತು. ರೇಡಿಯೋದಲ್ಲಿ ಚಕ್ ಥಾಂಪ್ಸನ್, ರಾಲ್ಫ್ ಟೆರ್ರಿ ಎಸೆದ ಚೆಂಡನ್ನು ಆರ್ಟ್ ಡಿಟ್ಮಾರ್ ಎಸೆದದ್ದು ಅಂದರು, ಸ್ಕೋರನ್ನು 10-0 ಅಂದುಬಿಟ್ಟು ಆಮೇಲೆ ತಿದ್ದಿದರು. ಡಿಟ್ಮಾರ್ ಆಗ ಮೈದಾನದಾಚೆ ವಾರ್ಮ್‌ಅಪ್ ಮಾಡುತ್ತಿದ್ದರು. ಥಾಂಪ್ಸನ್ ಸಾಮಾನ್ಯರಲ್ಲ, ಆದರೆ ಆ ಗದ್ದಲದಲ್ಲಿ ಕಣ್ಣು ಪುಸ್ತಕದ ಮೇಲಿರುವುದಿಲ್ಲ. ಆದ್ದರಿಂದ ಕೊನೆಯ ಓವರಿಗೆ ಮೊದಲೇ ಒಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ: ಬೌಲರ್ ಹೆಸರು, ಇಬ್ಬರು ಬ್ಯಾಟ್ಸ್‌ಮನ್ ಹೆಸರು, ಗೆಲ್ಲಲು ಬೇಕಾದ ರನ್, ಟೈ ಆಗುವ ರನ್. ಅದನ್ನು ಮೈಕ್ ಸ್ಟ್ಯಾಂಡಿಗೆ ಅಂಟಿಸಿ, ಗಾಳಿಗೆ ಹಾರದ ಹಾಗೆ. ಸ್ಕೋರರ್ ಪಕ್ಕದಲ್ಲೇ ಕೂತಿರಲಿ, ಪ್ರತಿ ಬಾಲ್ ಆದ ಮೇಲೆ ಉಳಿದ ರನ್ನನ್ನು ಬೆರಳಲ್ಲಿ ತೋರಿಸಲಿ. ಕಡೇ ಗಳಿಗೆಯಲ್ಲಿ ಬೌಲರ್ ಬದಲಾದರೆ ಹಳೇ ಚೀಟಿ ಹರಿದು ಹೊಸದು ಬರೆಯಿರಿ.