ಸ್ಫಟಿಕತೆ ಎಷ್ಟು ಶೇಕಡಾ ಎಂದು ಕೇಳುವವರಿಗೆ

ಪ್ಲಾಸ್ಟಿಕ್ಕಿನ ತುಂಡೊಂದನ್ನು ನನ್ನ ಮೇಜಿನ ಮೇಲಿಟ್ಟು, ಕುರ್ಚಿಯಲ್ಲಿ ಕೂರುವ ಮೊದಲೇ, “ಇದರ ಸ್ಫಟಿಕತೆ ಎಷ್ಟು ಶೇಕಡಾ? ಒಂದು ಅಂಕಿ ಹೇಳಿದರೆ ಸಾಕು” ಎಂದು ಕೇಳುವವರಿಗೆ ಇಷ್ಟು ವರ್ಷ ನಗುಮುಖದಿಂದಲೇ ಉತ್ತರಿಸಿದ್ದೇನೆ. ಇನ್ನು ನನ್ನಿಂದಾಗದು. ಪ್ರಶ್ನೆಗಿಂತಲೂ ನನ್ನನ್ನು ಕೆರಳಿಸುವುದು ಅದರ ಬಾಲಕ್ಕೆ ಅಂಟಿಕೊಂಡು ಬರುವ ಆ ‘ಸಾಕು’.

ಸ್ಫಟಿಕತೆ ಎಂದರೆ ಪ್ಲಾಸ್ಟಿಕ್ಕಿನಲ್ಲಿ ಅಣುಗಳು ಅಚ್ಚುಕಟ್ಟಾಗಿ ಸಾಲುಗಟ್ಟಿ ಸ್ಫಟಿಕವಾಗಿರುವ ಪಾಲು. ಆದರೆ ಪಾಲಿಮರ್‌ನೊಳಗಿನ, ಅಂದರೆ ಸರಪಳಿಯಂಥ ಅಣುಗಳ ಈ ವಸ್ತುವಿನೊಳಗಿನ, ಸ್ಫಟಿಕವು ಅಕ್ಕಿಯಲ್ಲಿನ ಕಲ್ಲಿನಂತೆ ಆರಿಸಿ ತೂಗಬಹುದಾದ ವಸ್ತುವಲ್ಲ. ಉದ್ದನೆಯ ಅಣುಸರಪಳಿಯು ಮತ್ತೆ ಮತ್ತೆ ಮಡಚಿಕೊಂಡು ಸುಮಾರು 10 ನ್ಯಾನೊಮೀಟರ್ ದಪ್ಪದ ಹಾಳೆಯಾಗುತ್ತದೆ. 1957ರಲ್ಲಿ ಆಂಡ್ರ್ಯೂ ಕೆಲ್ಲರ್ ಪಾಲಿಎಥಿಲೀನಿನ ಒಂಟಿ ಹರಳುಗಳನ್ನು ಪರೀಕ್ಷಿಸಿ ಮುಂದಿಟ್ಟ ವಿಚಾರವಿದು. ಅದೇ ಸರಪಳಿಯ ಇನ್ನೊಂದು ಭಾಗ ಹಾಳೆಯಿಂದ ಹೊರಬಿದ್ದು, ಕ್ರಮವಿಲ್ಲದ ಗೋಜಲಿನಲ್ಲಿ ಅಲೆದು, ಪಕ್ಕದ ಹಾಳೆಯನ್ನು ಹೊಕ್ಕಿರಬಹುದು. ಸ್ಫಟಿಕ ಎಲ್ಲಿ ಮುಗಿಯಿತು, ಗೋಜಲು ಎಲ್ಲಿ ಶುರುವಾಯಿತು ಎಂದು ತೋರಿಸುವ ಬೇಲಿ ಅಲ್ಲಿಲ್ಲ.

ಆದ್ದರಿಂದಲೇ ಒಂದೊಂದು ವಿಧಾನವೂ ಒಂದೊಂದು ಅಂಕಿ ಹೇಳುತ್ತದೆ. ವಸ್ತುವನ್ನು ಕಾಯಿಸುತ್ತಾ ಅದು ಹೀರುವ, ಬಿಡುವ ಶಾಖವನ್ನು ಅಳೆಯುವ ಡಿಎಸ್‌ಸಿ ಯಂತ್ರವು ಪಾಲಿಎಥಿಲೀನನ್ನು ಕರಗಿಸಲು ಗ್ರಾಂಗೆ 180 ಜೌಲ್ ಬೇಕಾಯಿತು ಎಂದರೆ, ಪೂರ್ಣ ಸ್ಫಟಿಕಕ್ಕೆ ಬೇಕಾಗುವ 293 ಜೌಲ್‌ನಿಂದ ಭಾಗಿಸಿ ಶೇಕಡಾ 61 ಎನ್ನುತ್ತೇವೆ. ಅದೇ ತುಂಡಿನ ಸಾಂದ್ರತೆ ಘನ ಸೆಂಟಿಮೀಟರಿಗೆ 0.95 ಗ್ರಾಂ ಬಂದರೆ, ಸ್ಫಟಿಕದ 1.00 ಮತ್ತು ಗೋಜಲಿನ 0.855 ಇವುಗಳ ನಡುವೆ ಅದನ್ನು ಕೂರಿಸಿ, ತೂಕದ ಲೆಕ್ಕದಲ್ಲಿ ಶೇಕಡಾ 69 ಎನ್ನಬೇಕಾಗುತ್ತದೆ. ಎರಡರಲ್ಲೂ ತಪ್ಪಿಲ್ಲ: ಹಾಳೆಯ ಅಂಚಿನಲ್ಲಿ ಅರ್ಧಂಬರ್ಧ ಸಾಲುಗಟ್ಟಿರುವ ಭಾಗವನ್ನು ಒಂದು ವಿಧಾನ ಒಳಗೆ ಸೇರಿಸಿಕೊಂಡರೆ ಇನ್ನೊಂದು ಹೊರಗಿಡುತ್ತದೆ. ವಸ್ತುವಿನ ಮೇಲೆ ಬಿದ್ದ ಎಕ್ಸ್-ರೇ ಯಾವ ಯಾವ ಕೋನಕ್ಕೆ ಚದುರುತ್ತದೆ ಎಂದು ನೋಡುವ ಎಕ್ಸ್-ರೇ ವಿವರ್ತನೆಯಲ್ಲಂತೂ ಚೂಪಾದ ಶಿಖರಗಳ ಕೆಳಗೆ ಗೋಜಲಿನ ದಿಬ್ಬವನ್ನು ಎಲ್ಲಿ ಎಳೆಯಬೇಕು ಎಂಬುದರಲ್ಲಿ ಎಳೆಯುವವನ ಕೈವಾಡವೂ ಇರುತ್ತದೆ. ವರದಿಗಳಲ್ಲಿ ಮಾತ್ರ ಈ ಕೈ ಕಾಣಿಸುವುದಿಲ್ಲ.

ಒಮ್ಮೆ ಒಬ್ಬರು ಪೆಟ್ ಬಾಟಲಿಯಾಗಿ ಊದುವ ಮೊದಲಿನ ಅಚ್ಚುತುಂಡನ್ನು ತಂದು, ಬೇರೆಡೆ ಮಾಡಿಸಿದ ವರದಿಯನ್ನೂ ಜೊತೆಗಿಟ್ಟರು. ಕರಗುವ ಶಾಖ 45 ಜೌಲ್, ಅದನ್ನು ಪೂರ್ಣ ಸ್ಫಟಿಕ ಪೆಟ್‌ನ 140ರಿಂದ ಭಾಗಿಸಿ ಸ್ಫಟಿಕತೆ ಶೇಕಡಾ 32 ಎಂದು ದಪ್ಪಕ್ಷರದಲ್ಲಿ ಮುದ್ರಿಸಿತ್ತು. ತುಂಡನ್ನು ಬೆಳಕಿಗೆ ಹಿಡಿದೆ. ಗಾಜಿನಷ್ಟು ತಿಳಿಯಾಗಿತ್ತು. ಎಳೆಯದೆ ಬರಿದೇ ಅಚ್ಚಿನಲ್ಲಿ ತಣಿದ ಪೆಟ್‌ನಲ್ಲಿ ಅಷ್ಟು ಸ್ಫಟಿಕವಿದ್ದರೆ ಅದು ಹಾಲಿನಂತೆ ಬೆಳ್ಳಗಿರಬೇಕಿತ್ತು. ವರದಿಯ ಗ್ರಾಫ್‌ನಲ್ಲೇ, 130 ಡಿಗ್ರಿಯ ಸುತ್ತ, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ವಿರುದ್ಧ ದಿಕ್ಕಿನ ಗುಡ್ಡವೊಂದು ಕುಳಿತಿತ್ತು: ಕಾಯಿಸುವಾಗ ಯಂತ್ರದೊಳಗೇ ಹುಟ್ಟಿದ ಸ್ಫಟಿಕ ಬಿಟ್ಟ ಶಾಖ, 36 ಜೌಲ್. ಅದನ್ನು ಕಳೆದರೆ ಉಳಿಯುವುದು 9 ಜೌಲ್, ಅಂದರೆ ಶೇಕಡಾ 6ರ ಆಸುಪಾಸು. ಅಳೆಯಲು ಹೋದವರು ಅಳೆಯಬೇಕಾದದ್ದನ್ನು ತಾವೇ ತಯಾರಿಸಿ ಅಳೆದಿದ್ದರು. ಇದನ್ನು ವಿವರಿಸಿದಾಗ ಅವರು ಕೇಳಿದ್ದು, “ಹಾಗಾದರೆ 6 ಎಂದೇ ಬರೆಯಲೇ?”

ಶೇಕಡಾವಾರು ಅಂಕಿ ನಿಷ್ಪ್ರಯೋಜಕವೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ನನ್ನ ಅನ್ನಕ್ಕೇ ಕಲ್ಲು ಹಾಕಿಕೊಂಡಂತೆ. ಸ್ಫಟಿಕತೆ ಏರಿದಂತೆ ವಸ್ತು ಬಿಗಿಯಾಗುತ್ತದೆ, ಮತ್ತು ಅನಿಲದ ಅಣುಗಳು ಹೆಚ್ಚಾಗಿ ಗೋಜಲಿನ ಮೂಲಕವೇ ನುಸುಳುವುದರಿಂದ ಸೋರಿಕೆ ತಗ್ಗುತ್ತದೆ. ಆದರೆ ಒಂದೇ ಶೇಕಡಾವಾರಿನ ಎರಡು ಪಾಲಿಎಥಿಲೀನ್ ಕೊಳವೆಗಳಲ್ಲಿ ಒಂದು ಅಲ್ಪ ಒತ್ತಡದಲ್ಲೇ ಕಾಲಕ್ರಮೇಣ ಬಿರುಕು ಬಿಡಬಹುದು, ಇನ್ನೊಂದು ಬಾಳಬಹುದು. ಹಾಳೆಯಿಂದ ಹಾಳೆಗೆ ಹೊಲಿಗೆ ಹಾಕಿದಂತೆ ಹಾದುಹೋಗುವ ಸರಪಳಿಗಳು ಎಷ್ಟಿವೆ ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಪಾಲಿಪ್ರೊಪಿಲೀನಿನಲ್ಲಿ ಸರಪಳಿಗಳು ಆಲ್ಫಾ ರೂಪದ ಬದಲು ಬೀಟಾ ರೂಪದಲ್ಲಿ ಜೋಡಣೆಯಾದರೆ ಪೆಟ್ಟು ತಾಳುವ ಗುಣ ಹೆಚ್ಚುತ್ತದೆ. ಶೇಕಡಾವಾರು ಹೆಚ್ಚಬೇಕೆಂದೇನೂ ಇಲ್ಲ. ಎಷ್ಟಿದೆ ಎನ್ನುವುದರ ಜೊತೆಗೆ ಹೇಗೆ ಜೋಡಣೆಯಾಗಿದೆ, ಹಾಳೆ ಎಷ್ಟು ದಪ್ಪವಿದೆ, ತುಂಡು ಹೇಗೆ ತಣಿದಿದೆ ಎಂದು ಯಾರಾದರೂ ಕೇಳಲಿ ಎಂದು ಕಾಯುತ್ತಿರುತ್ತೇನೆ. ಸಣ್ಣ ಕೋನದ ಎಕ್ಸ್-ರೇ ಚದುರಿಕೆಯಲ್ಲಿ ಒಂದು ಹಾಳೆಯ ನಡುವಿನಿಂದ ಮುಂದಿನ ಹಾಳೆಯ ನಡುವಿಗೆ 20 ನ್ಯಾನೊಮೀಟರ್ ಅಂತರ ಸಿಕ್ಕಿ, ಸ್ಫಟಿಕದ ಪಾಲು 0.6 ಇದ್ದರೆ, ಹಾಳೆಯ ದಪ್ಪ ಸುಮಾರು 12 ನ್ಯಾನೊಮೀಟರ್. ತೆಳುವಾದಷ್ಟೂ ಅದು ಕಡಿಮೆ ತಾಪದಲ್ಲಿ ಕರಗುತ್ತದೆ. ಅಂಕಿಗೆ ಅಂಥ ಕೆಲಸ ಕೊಟ್ಟರೆ ನನಗೆ ತಕರಾರಿಲ್ಲ.

ಅದೇ ಅಚ್ಚುತುಂಡಿನವರು ಕೆಲವು ತಿಂಗಳ ನಂತರ ಮತ್ತೆ ಬಂದರು. ಈ ಸಲದ ತುಂಡು ತಿಳಿಯಾಗಿಯೇ ಇತ್ತು, ಆದರೆ ಕರಗಿದ ಪೆಟ್ ಅಚ್ಚಿನೊಳಗೆ ನುಗ್ಗುವ ತುದಿಯಲ್ಲಿ ಬೆರಳಗಲದ ಬಿಳಿ ಮೋಡ ಕವಿದಿತ್ತು. “ಇಲ್ಲಿ ಮಾತ್ರ ಯಾಕೆ?” ಎಂದು ಕೇಳಿದರು. ಕುರ್ಚಿ ಎಳೆದು ಕೂರಿಸಿದೆ. ಆ ತುದಿ ಎಲ್ಲಕ್ಕಿಂತ ನಿಧಾನವಾಗಿ ತಣಿಯುತ್ತದೆ, ಆ ಅವಕಾಶದಲ್ಲಿ ಸ್ಫಟಿಕದ ಗುಂಡುಗಳು ಬೆಳಕನ್ನು ಚದುರಿಸುವಷ್ಟು ದೊಡ್ಡದಾಗಿ ಬೆಳೆಯುತ್ತವೆ ಎಂದು ಹೇಳಿ, ಬಿಳಿ ಭಾಗದಿಂದ 5 ಮಿಲಿಗ್ರಾಂ ಕತ್ತರಿಸಿ ಯಂತ್ರದೊಳಗಿಟ್ಟೆವು. ಪರದೆಯ ಮೇಲೆ 130 ಡಿಗ್ರಿ ದಾಟಿ ಗೆರೆ ಮುಂದೆ ಹೋಯಿತು. ಹಿಂದಿನ ಆ ಗುಡ್ಡ ಈ ಸಲ ಬಹುತೇಕ ಚಪ್ಪಟೆಯಾಗಿತ್ತು.