ತೂಕ ಬರೆದಿದ್ದಾರೆ, ಜಡ್ಡು ಬರೆದಿಲ್ಲ

ಹೋದ ತಿಂಗಳು ಒಂದು ಭಾನುವಾರ ಬೆಳಗಾವಿಯ ವಡಗಾವಿಯಲ್ಲಿರುವ ಕಾಕು (ಚಿಕ್ಕಮ್ಮ) ಮನೆಗೆ ಹೋದಾಗ ಅವರ ಹಳೆಯ ಆಸ್ಪತ್ರೆ ಚೀಟಿಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂತಿದ್ದೆ. ನಾಲ್ಕು ವರ್ಷದ್ದು, ಒಟ್ಟು ಹನ್ನೊಂದು ಚೀಟಿ. ಎಲ್ಲದರ ಮೇಲೂ ಬಿಪಿ ಇದೆ. ತೂಕ ಇದೆ. 76, 79, 81, ಈಗ 84. ಕೆಳಗೆ ಎರಡೂ ಮೊಣಕಾಲು ನೋವು ಅಂತ ಒಂದು ಸಾಲು, ಆಮೇಲೆ ಮಾತ್ರೆಗಳ ಹೆಸರು. ಎತ್ತರ ಮಾತ್ರ ಒಂದರಲ್ಲೂ ಇಲ್ಲ. ತೂಕ ಏರುತ್ತಿರುವುದರ ಬಗ್ಗೆ ಒಂದು ಶಬ್ದವೂ ಇಲ್ಲ.

ನನ್ನ ಕೆಲಸ ಮೆಡಿಕಲ್ ಕೋಡಿಂಗ್. ಟಿಳಕವಾಡಿಯ ಮನೆಯಲ್ಲೇ ಕೂತು ಅಮೆರಿಕದ ಆಸ್ಪತ್ರೆಗಳ ಫೈಲು ಓದುತ್ತೇನೆ. ಡಾಕ್ಟರು ಬರೆದ ಒಂದೊಂದು ಕಾಯಿಲೆಗೂ ಐಸಿಡಿ-10-ಸಿಎಂ ಪಟ್ಟಿಯಿಂದ ಒಂದು ಕೋಡ್ ಹಾಕಬೇಕು. ಅಲ್ಲಿ ಬಿಲ್ ಆಗುವುದು, ಇನ್ಶೂರೆನ್ಸ್ ದುಡ್ಡು ಬರುವುದು ಅದರ ಮೇಲೆ. ಮುಂದೆ ಯಾರಾದರೂ ಲೆಕ್ಕ ತೆಗೆದರೆ ಅವರಿಗೆ ಕಾಣುವುದೂ ಈ ಕೋಡುಗಳೇ. ಹಾಗಾಗಿ ಕಾಕು ಚೀಟಿ ನೋಡಿದ ಕೂಡಲೇ ನನಗೆ ಟ್ರೇನಿಂಗ್‌ನಲ್ಲಿ ಮಾಡಿದ ಒಂದು ತಪ್ಪು ನೆನಪಾಯಿತು.

ಆಗ ನನಗೆ ಒಂದು ಫೈಲು ಕೊಟ್ಟಿದ್ದರು. ನರ್ಸ್ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅನ್ನುವ ಅಂಕಿ, 36ಕ್ಕಿಂತ ಜಾಸ್ತಿ ಅಂತ ನಮೂದಿಸಿದ್ದರು. ಬಿಎಂಐ 30 ಮುಟ್ಟಿದರೆ ಒಬೆಸಿಟಿ, ಅಂದರೆ ಬೊಜ್ಜಿನ ಕಾಯಿಲೆ, ಅಂತ ಪುಸ್ತಕದಲ್ಲೇ ಇದೆಯಲ್ಲ, ಅದಕ್ಕೆ ನಾನು ಅದರ ಕೋಡ್ ಇ66.9 ಹಾಕಿ, ಜೊತೆಗೆ ಬಿಎಂಐನ ಕೋಡ್ ಝಡ್68.36 ಕೂಡ ಹಾಕಿ ಮುಂದೆ ಹೋದೆ. ಆಡಿಟ್‌ನಲ್ಲಿ ಎರಡೂ ತಪ್ಪು ಅಂತ ಬಂತು. ಕಾರಣ ಒಂದೇ. ಡಾಕ್ಟರು ಎಲ್ಲೂ ಒಬೆಸಿಟಿ ಅಂತ ಬರೆದಿರಲಿಲ್ಲ.

ನನಗೆ ಸಿಟ್ಟು ಬಂದಿತ್ತು. ಅಂಕಿ ಕಣ್ಣ ಮುಂದೆ ಇದೆ, ಇನ್ನೇನು ಬೇಕು ಅಂತ. ಆದರೆ ನಿಯಮ ಸ್ಪಷ್ಟವಾಗಿದೆ. ಬಿಎಂಐ ಅಂಕಿಯನ್ನು ನರ್ಸ್ ಬರೆಯಬಹುದು, ಡಯಟೀಶಿಯನ್ ಬರೆಯಬಹುದು. ಆದರೆ ಅದು ಕಾಯಿಲೆ ಅಂತ ಹೇಳಬೇಕಾದವರು ರೋಗಿಯನ್ನು ನೋಡುವ ಡಾಕ್ಟರು. ಅವರು ಹೇಳದೆ ಝಡ್68 ಒಂಟಿಯಾಗಿ ನಿಲ್ಲುವಂತಿಲ್ಲ, ಅದು ಯಾವಾಗಲೂ ಎರಡನೆಯ ಸಾಲಿನ ಕೋಡ್. ಯೋಚಿಸಿದರೆ ಇದು ಸರಿಯೇ ಇದೆ. ಕುಸ್ತಿ ಪೈಲ್ವಾನರಿಗೆ ಬಿಎಂಐ 31 ಬರಬಹುದು, ಅದು ಬರೀ ಸ್ನಾಯು. ಇನ್ನೊಬ್ಬರಿಗೆ ಕಾಲಲ್ಲಿ, ಹೊಟ್ಟೆಯಲ್ಲಿ ನೀರು ತುಂಬಿ ತೂಕ ಏರಿರಬಹುದು. ಕಾಗದ ನೋಡುವ ನನಗೆ ಅದು ಹೇಗೆ ಗೊತ್ತಾಗಬೇಕು? ಗರ್ಭಿಣಿಯರಿಗಂತೂ ಝಡ್68 ಹಾಕುವಂತೆಯೇ ಇಲ್ಲ.

ಹಾಗಂತ ಸುಮ್ನೆ ಬಿಟ್ಟುಬಿಡುವಂತೆಯೂ ಇಲ್ಲ. ಡಾಕ್ಟರಿಗೆ ಕ್ವೆರಿ, ಅಂದರೆ ಬರವಣಿಗೆಯಲ್ಲಿ ಒಂದು ಪ್ರಶ್ನೆ, ಕಳಿಸಬೇಕು. ಅದರಲ್ಲೂ ಒಂದು ಶಿಸ್ತಿದೆ. "ಒಬೆಸಿಟಿ ಅಂತ ಬರೆಯಿರಿ" ಅನ್ನುವ ಹಾಗಿಲ್ಲ. ತೂಕ ಇಷ್ಟು, ಎತ್ತರ ಇಷ್ಟು, ಇಂತಿಂತಹ ತೊಂದರೆ ಇದೆ, ಇದಕ್ಕೆ ನಿಮ್ಮ ಡಯಾಗ್ನೋಸಿಸ್ ಏನಾದರೂ ಇದೆಯೇ ಅಂತ ಕೇಳಬೇಕು. ಉತ್ತರ ಅವರದ್ದು.

2024ರ ಅಕ್ಟೋಬರ್ 1ರಿಂದ ಈ ಉತ್ತರಕ್ಕೆ ಇನ್ನಷ್ಟು ಬೆಲೆ ಬಂದಿದೆ. ಮೊದಲು ನಮಗಿದ್ದದ್ದು ಹೆಚ್ಚಾಗಿ ಎರಡೇ ದಾರಿ. ಇ66.9 ಅಂದರೆ ಯಾವ ಬಗೆಯದು ಅಂತ ಹೇಳದ ಒಬೆಸಿಟಿ. ಇ66.01 ಅಂದರೆ ಮಾರ್ಬಿಡ್, ಅತಿ ತೀವ್ರ. ಆ ಮಾರ್ಬಿಡ್ ಅನ್ನುವ ಶಬ್ದ ತನ್ನ ಫೈಲಿನಲ್ಲಿ ನೋಡಿದ ಮನುಷ್ಯನಿಗೆ ಹೇಗಾಗಬೇಡ! ಈಗ ಕ್ಲಾಸ್ ಲೆಕ್ಕ ಬಂದಿದೆ. ಬಿಎಂಐ 30ರಿಂದ 35ರೊಳಗೆ ಕ್ಲಾಸ್ 1, ಅದಕ್ಕೆ ಇ66.811. 35ರಿಂದ 40ರೊಳಗೆ ಕ್ಲಾಸ್ 2, ಇ66.812. 40 ಮತ್ತು ಮೇಲೆ ಕ್ಲಾಸ್ 3, ಇ66.813. ಬರೀ ತೂಕ ಜಾಸ್ತಿ ಇದ್ದು ಒಬೆಸಿಟಿ ಮುಟ್ಟಿಲ್ಲದಿದ್ದರೆ ಇ66.3. ಔಷಧಿಯಿಂದ ಬಂದದ್ದಾದರೆ ಇ66.1, ತಿಂಗಳುಗಟ್ಟಲೆ ಸ್ಟೀರಾಯ್ಡ್ ತಗೊಂಡವರಲ್ಲಿ ಇದನ್ನು ಮರೆಯಬಾರದು. ಕ್ಲಾಸ್ ಯಾವುದು ಅಂತ ಹೇಳುವುದೂ ಡಾಕ್ಟರೇ, ನಾವು ಬಿಎಂಐ ನೋಡಿ ಊಹಿಸುವಂತಿಲ್ಲ.

ಇಷ್ಟೆಲ್ಲ ತಲೆಯಲ್ಲಿಟ್ಟುಕೊಂಡೇ ಕಾಕು ಚೀಟಿ ನೋಡುತ್ತಿದ್ದೆ. ಅವರನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ, ತಲೆ ಮೇಲೆ ಪಟ್ಟಿ ಇಟ್ಟು ಗೆರೆ ಎಳೆದು ಅಳೆದೆ. 152 ಸೆಂಟಿಮೀಟರ್. ತೂಕವನ್ನು ಮೀಟರ್‌ನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ. 84ಕ್ಕೆ 36.4 ಬಂತು. ಹಳೆಯ ಅಂಕಿಗಳನ್ನೂ ಲೆಕ್ಕ ಹಾಕಿದೆ. 76 ಇದ್ದಾಗ 32.9, ಅಂದರೆ ಕ್ಲಾಸ್ 1. 81 ಆದ ದಿನವೇ 35 ದಾಟಿದೆ. ನಾಲ್ಕು ವರ್ಷದಲ್ಲಿ ನಮ್ಮ ಕಾಕು ಒಂದು ಕ್ಲಾಸಿನಿಂದ ಇನ್ನೊಂದಕ್ಕೆ ಹೋಗಿದ್ದಾರೆ, ಯಾರ ಪೆನ್ನೂ ಅದನ್ನು ಬರೆದಿಲ್ಲ. ಆ ಡಾಕ್ಟರು ಕೆಟ್ಟವರೇನಲ್ಲ. ಹೊರಗೆ ಎಪ್ಪತ್ತು ಜನ ಕಾದಿರುತ್ತಾರೆ. ಆದರೂ ನನಗೆ ಸಂಕಟವಾಯಿತು.

ಅದೂ 30, 35 ಅನ್ನುವುದು ಹೊರಗಿನವರ ಅಳತೆ. ನಮ್ಮ ಜನರಿಗೆ ಕಡಿಮೆ ತೂಕದಲ್ಲೇ ಹೊಟ್ಟೆಯ ಸುತ್ತ ಕೊಬ್ಬು ಕೂಡುತ್ತದೆ, ಶುಗರ್ ಬೇಗ ಬರುತ್ತದೆ. ಅದಕ್ಕೇ 2009ರಲ್ಲಿ ಭಾರತದ ತಜ್ಞರು ಸೇರಿ 23ಕ್ಕೆ ತೂಕ ಜಾಸ್ತಿ, 25ಕ್ಕೆ ಒಬೆಸಿಟಿ ಅಂತ ಗುರುತು ಹಾಕಿದರು. ಸೊಂಟದ ಸುತ್ತಳತೆ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90. ಕಾಕು ಎತ್ತರಕ್ಕೆ 58 ಕಿಲೋ ಬಂದಾಗಲೇ ಎಚ್ಚರ ಆಗಬೇಕಿತ್ತು.

ನಾನು ಇದನ್ನೆಲ್ಲ ಹೇಳಿದಾಗ ಕಾಕು ಮುಖ ಸಣ್ಣದು ಮಾಡಿಕೊಂಡರು. "ಮೈ ಇರೂದೂ ಒಂದ್ ಜಡ್ಡೇನವಾ? ನಮ್ಮವ್ವನೂ ಹಿಂಗ ಇದ್ಳು" ಅಂದರು. ನಮ್ಮಲ್ಲಿ ಮೈ ತುಂಬಿಕೊಂಡರೆ ಸುಖವಾಗಿದ್ದಾರೆ ಅನ್ನುತ್ತಾರೆ, ಇನ್ನೂ ಸ್ವಲ್ಪ ತುಂಬಿದರೆ ಬೆನ್ನ ಹಿಂದೆ ನಗುತ್ತಾರೆ. ಜಡ್ಡು ಅಂತ ಮಾತ್ರ ಯಾರೂ ಅನ್ನುವುದಿಲ್ಲ. ಇಪ್ಪತ್ತು ವರ್ಷ ಕೂತಲ್ಲೇ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿದ ಹೆಂಗಸು ಅವರು. ಮೊಣಕಾಲು ನೋವು ಶುರುವಾದ ಮೇಲೆ ನಡೆಯುವುದೂ ನಿಂತಿತು. ತಿನ್ನುವುದು ಕಡಿಮೆ ಮಾಡಿ ಅಂತ ಎಲ್ಲರೂ ಬೈದಿದ್ದಾರೆ. ಚಿಕಿತ್ಸೆ ಯಾರೂ ಕೊಟ್ಟಿಲ್ಲ. ಜಡ್ಡು ಅಂತ ಬರೆದರೆ ಬೈಗುಳ ನಿಂತು ಚಿಕಿತ್ಸೆ ಶುರುವಾಗುತ್ತದೆ ಕಾಕು, ಅದಕ್ಕೇ ಕೇಳೋಣ ಅಂದೆ.

ಪಕ್ಕದ ಮನೆಯ ಅಕ್ಕ ಬಂದು, "ಬರಸಬ್ಯಾಡ್ರಿ, ಮುಂದ ಇನ್ಶೂರೆನ್ಸ್‌ನವ್ರು ರೊಕ್ಕ ಕೊಡಂಗಿಲ್ಲ" ಅಂದರು. ಈ ಭಯ ಬಹಳ ಜನರಿಗಿದೆ. ಆದರೆ ತೂಕ ಹನ್ನೊಂದು ಚೀಟಿಯ ಮೇಲೂ ಇದೆ, ಅದನ್ನು ಎಲ್ಲಿ ಮುಚ್ಚಿಡುವುದು? ನಮ್ಮ ದೇಶದ ಪಾಲಿಸಿಗಳಲ್ಲಿ ಒಬೆಸಿಟಿಯ ಆಪರೇಷನ್‌ಗೆ ಒಂದು ಷರತ್ತೇ ಇದೆ. ಬಿಎಂಐ 40 ಇರಬೇಕು, ಇಲ್ಲವೇ 35 ದಾಟಿ ಜೊತೆಗೆ ಹೃದಯದ ಕಾಯಿಲೆ, ಹತೋಟಿಗೆ ಬಾರದ ಶುಗರ್, ಜೋರಾದ ಸ್ಲೀಪ್ ಅಪ್ನಿಯ (ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು) ಇಂಥದ್ದೇನಾದರೂ ಇರಬೇಕು. ಬೇರೆ ದಾರಿಗಳು ಫಲ ಕೊಡಲಿಲ್ಲ ಅನ್ನುವುದೂ ಇರಬೇಕು. ಕಾಕುಗೆ ಆಪರೇಷನ್ ಮಾತೇ ಇಲ್ಲ. ಆದರೆ ಮುಂದೆ ಯಾರಿಗಾದರೂ ಬೇಕಾದರೆ, ಕಾಗದದ ಮೇಲೆ ಏನೂ ಇಲ್ಲದೆ ಇದನ್ನೆಲ್ಲ ಹೇಗೆ ತೋರಿಸುತ್ತಾರೆ?

ಮುಂದಿನ ಸಲ ನಾನೇ ಜೊತೆಗೆ ಹೋದೆ. ಕ್ವೆರಿ ಬರೆಯುವ ಹಾಗೆಯೇ ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದುಕೊಂಡಿದ್ದೆ. ಎತ್ತರ 152. ತೂಕ ನಾಲ್ಕು ವರ್ಷದಲ್ಲಿ 76ರಿಂದ 84. ರಾತ್ರಿ ಜೋರಾಗಿ ಗೊರಕೆ, ಹಗಲು ಕೂತಲ್ಲೇ ತೂಕಡಿಕೆ. ಎರಡೂ ಮೊಣಕಾಲು ನೋವು. "ಸರ್, ಇದಕ್ಕೇನಾದರೂ ಡಯಾಗ್ನೋಸಿಸ್ ಇದೆಯಾ?" ಅಂತ ಮಾತ್ರ ಕೇಳಿದೆ. ಅವರು ಹಾಳೆ ಓದಿ, ಕಾಕು ಕಡೆ ತಿರುಗಿ, ಗೊರಕೆ ಎಷ್ಟು ವರ್ಷದಿಂದ ಅಂತ ಕೇಳಿದರು. ನಾಲ್ಕು ವರ್ಷದಲ್ಲಿ ಆ ಪ್ರಶ್ನೆ ಮೊದಲ ಸಲ ಬಂದದ್ದು. ಆಮೇಲೆ ಬರೆದರು: ಕ್ಲಾಸ್ 2 ಒಬೆಸಿಟಿ, ಬಿಎಂಐ 36.4. ಥೈರಾಯ್ಡ್, ಮೂರು ತಿಂಗಳ ಶುಗರ್, ನಿದ್ದೆಯ ಪರೀಕ್ಷೆ, ಡಯಟೀಶಿಯನ್, ಫಿಸಿಯೋಥೆರಪಿ, ಎಲ್ಲ ಆ ಒಂದು ಸಾಲಿನ ಕೆಳಗೇ ಬಂತು.

ಮೂರು ತಿಂಗಳ ಶುಗರ್ 6.1 ಬಂದಿದೆ. ಡಯಾಬಿಟಿಸ್ ಆಗಿಲ್ಲ, ಅಂಚಿನಲ್ಲಿದೆ. ಫಿಸಿಯೋಥೆರಪಿಯವರು ಕುರ್ಚಿಯ ಮೇಲೆ ಕೂತೇ ಮಾಡುವ ಕಸರತ್ತು ಹೇಳಿಕೊಟ್ಟಿದ್ದಾರೆ, ಕಾಕು ಬೆಳಿಗ್ಗೆ ಸಂಜೆ ಮಾಡುತ್ತಿದ್ದಾರೆ. ನಿದ್ದೆಯ ಪರೀಕ್ಷೆ ಬರುವ ಬುಧವಾರ ಇದೆ. ಜೊತೆಗೆ ನಾನೂ ಹೋಗುತ್ತೇನೆ.